ನಮ್ಮ ಮನೆಯ ಮೋಟಾರಿನ ಕಿವುಡು

ವಯಸ್ಸಾದವರು ತಪ್ಪೊಪ್ಪಿಕೊಳ್ಳುವುದರಲ್ಲಿ ಒಂದು ದೊಡ್ಡ ಅನುಕೂಲವಿದೆ. ನಾವು ಯಾರಿಗೆ ಅನ್ಯಾಯ ಮಾಡಿದ್ದೆವೋ ಅವರಲ್ಲಿ ಕೆಲವರು ಈಗ ಇರುವುದಿಲ್ಲ, ಇದ್ದವರಿಗೆ ಕಿವಿ ಕೇಳಿಸುವುದಿಲ್ಲ, ಕಿವಿ ಕೇಳಿಸುವವರಿಗೆ ಆ ಸಂಗತಿ ನೆನಪಿರುವುದಿಲ್ಲ. ಹೀಗಾಗಿ ಕಟ್ಟೆಯ ಮೇಲೆ ಕುಳಿತು ಧಾರಾಳವಾಗಿ ಪಶ್ಚಾತ್ತಾಪ ಪಡಬಹುದು. ನನ್ನ ಪ್ರಾರಬ್ಧ ಹಾಗಿಲ್ಲ. ನಾನು ಅನ್ಯಾಯ ಮಾಡಿದ ವ್ಯಕ್ತಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ, ನೆನಪು ಗಟ್ಟಿಯಾಗಿದೆ, ಮೇಲಾಗಿ ಆಕೆ ನನ್ನ ಮನೆಯಲ್ಲೇ ಇದ್ದಾಳೆ, ದಿನಾ ನನಗೆ ರೊಟ್ಟಿ ಬಡಿದು ಹಾಕುತ್ತಾಳೆ. ಆಕೆ ನನ್ನ ಹೆಂಡತಿ ಗೌರಮ್ಮ. ನೆನಪು ಗಟ್ಟಿಯಾಗಿದೆ ಎಂದು ಈಗ ಸಲೀಸಾಗಿ ಬರೆದುಬಿಟ್ಟೆ. ಇದೊಂದು ಮಾತನ್ನು ಆಡಬೇಕಾದ ಹೊತ್ತಿನಲ್ಲಿ ಆಡದೆ ಬಾಯಿ ಮುಚ್ಚಿಕೊಂಡಿದ್ದೆನಲ್ಲ, ಅದೇ ನನ್ನ ತಪ್ಪು. ಅದನ್ನು ಹೇಳಲು ಹೊರಟರೆ ಒಂದು ಮೋಟಾರು, ಒಂದು ನೀರಿನ ಟಾಕಿ, ಅಂಗೈಯಗಲದ ಒಂದು ಕಂಪ್ಯೂಟರು, ಪಕ್ಕದ ಮನೆಯ ಶರಣಮ್ಮನ ಸೆಗಣಿಯ ಕುಳ್ಳು ಎಲ್ಲವನ್ನೂ ಹೇಳಬೇಕಾಗುತ್ತದೆ. ಓದುವವರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು.

ಮೊದಲು ನನ್ನ ಒಂದು ಕೆಟ್ಟ ಅಭ್ಯಾಸ ತಿಳಿಸಿಬಿಡುತ್ತೇನೆ. ನಾನು ಪತ್ರಿಕೆ ಓದುವಾಗಲೋ ಏನಾದರೂ ರಿಪೇರಿ ಮಾಡುವಾಗಲೋ ಗೌರಮ್ಮ ಒಳಗಿನಿಂದ "ರೀ" ಎಂದು ಕೂಗಿದರೆ ನಾನು ತಪ್ಪದೆ "ಹ್ಞಾಂ" ಅನ್ನುತ್ತೇನೆ. ಈ ಹ್ಞಾಂ ಎಂದರೆ ಬಂದೆ ಎಂದಲ್ಲ, ಕೇಳಿಸಿಕೊಂಡೆ ಎಂದೂ ಅಲ್ಲ. ನಿನ್ನ ಕೂಗು ಇಲ್ಲಿಯವರೆಗೆ ಬಂದು ತಲುಪಿತು ಎಂದಷ್ಟೇ. ಮುಂದೆ ಹಾಲು ಉಕ್ಕಿತೋ, ಬಾಗಿಲಿಗೆ ಬಂದವರು ತಿರುಗಿ ಹೋದರೋ, ಅದಕ್ಕೆ ನನ್ನ ಹ್ಞಾಂ ಹೊಣೆಯಲ್ಲ. ನಮ್ಮ ಸಂಸಾರ ಇಷ್ಟು ವರ್ಷ ಈ ಹ್ಞಾಂ ಮೇಲೆಯೇ ನಡೆದು ಬಂದಿದೆ. ನಾನು ಮಾಡಿದ ಯಂತ್ರಕ್ಕೂ ಇದೇ ಗುಣ ಬರಬಹುದು ಎಂದು ಆಗ ನನಗೆ ಹೊಳೆಯಲಿಲ್ಲ.

ನಾನು ಓದಿದ್ದು ಹೈಸ್ಕೂಲು. ರೇಡಿಯೋ ರಿಪೇರಿ ಕಲಿತು, ಟೀವಿ ಬಂದಾಗ ಟೀವಿಗೆ ಜಿಗಿದು, ಕೊನೆಗೆ ಲಿಂಗಸುಗೂರಿನ ಒಂದು ಕೇಬಲ್ ಕೋಣೆಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ನನ್ನ ಜೊತೆಗಾರ ಖಾಜಾಸಾಬ. ಮುಂಜಾನೆ ಭಕ್ತಿಗೀತೆ, ಮಧ್ಯಾಹ್ನ ಸಿನಿಮಾ, ನಡುನಡುವೆ ಸೀರೆ ಅಂಗಡಿಯ ಜಾಹೀರಾತು, ಇವನ್ನೆಲ್ಲ ಹೊತ್ತು ಹೊತ್ತಿಗೆ ತಾನೇ ಹಚ್ಚುವ ಒಂದು ಲಿನಕ್ಸ್ ಕಂಪ್ಯೂಟರು ಅಲ್ಲಿತ್ತು. ಯುನಿಕ್ಸ್ ಎಂಬ ಹಳೆಯ ಮನೆತನದ ಕುಡಿ ಅದು. ಆ ಮನೆತನದ ಯಂತ್ರಗಳಲ್ಲಿ ಕ್ರಾನ್ ಎಂಬ ಒಬ್ಬ ಕಾವಲುಗಾರನಿರುತ್ತಾನೆ. ಇಂಥ ಹೊತ್ತಿಗೆ ಇಂಥ ಕೆಲಸವನ್ನು ಎಬ್ಬಿಸು ಎಂದು ಬರೆದಿಟ್ಟರೆ ಸಾಕು, ಯಾರೂ ಎದುರಿಗೆ ಇರದಿದ್ದರೂ ತೆರೆಯ ಹಿಂದೆಯೇ ಎಬ್ಬಿಸಿ ಕಳಿಸುತ್ತಾನೆ. ಹಾಗೆ ಎದ್ದು ಹೋದ ಕೆಲಸವನ್ನು ನಡುವೆ ನಿಲ್ಲಿಸಬೇಕಾದರೆ ಅದಕ್ಕೊಂದು ಸಿಗ್ನಲ್ ಕಳಿಸಬೇಕು. ಸಿಗ್ನಲ್ ಎಂದರೆ ಭುಜ ಮುಟ್ಟಿ "ಏಳಪ್ಪಾ, ಸಾಕು" ಎಂದ ಹಾಗೆ. ಇದರಲ್ಲಿ ಹಲವು ನಮೂನೆ. ಮೆಲ್ಲಗೆ ತಿವಿಯುವುದುಂಟು, ದಯವಿಟ್ಟು ಮುಗಿಸಿಕೋ ಎನ್ನುವುದುಂಟು, ವಿಚಾರಣೆಯೇ ಇಲ್ಲದೆ ಕತ್ತು ಹಿಸುಕುವುದೂ ಉಂಟು. ಖಾಜಾ ಮತ್ತು ನಾನು ಲಿಂಗಸುಗೂರಿನಲ್ಲಿ ಬಳಸುತ್ತಿದ್ದದ್ದು ಕೊನೆಯದನ್ನು ಮಾತ್ರ. ಭಕ್ತಿಗೀತೆ ನಿಲ್ಲದೆ ಸಿನಿಮಾದ ಮೇಲೆ ಏರಿ ಬಂದರೆ ಹಿಸುಕು, ಮುಂದಿನದನ್ನು ಹಚ್ಚು. ನಯವಾಗಿ ಹೇಳಿ ಕೇಳುವ ಸಂಸ್ಕಾರ ನಮಗೆ ಬರಲೇ ಇಲ್ಲ.

ಕೆಲಸ ಬಿಟ್ಟು ಮಸ್ಕಿಗೆ ಬಂದು ಕೂತ ಮೇಲೆ ಕೈ ಸುಮ್ಮನಿರಲಿಲ್ಲ. ನಮ್ಮ ಮನೆಯಲ್ಲಿ ನಳದ ನೀರು ಅಂಗಳದ ಸಂಪಿನಲ್ಲಿ ಬಿದ್ದಿರುತ್ತದೆ. ದಿನಾ ಬೆಳಿಗ್ಗೆ ಮೋಟಾರು ಹಚ್ಚಿ ಮಾಳಿಗೆಯ ಮೇಲಿನ ಟಾಕಿಗೆ ಏರಿಸಬೇಕು. ಈ ಸಣ್ಣ ಕೆಲಸಕ್ಕೆ ನಾನು ಅಂಗೈಯಗಲದ ಕಂಪ್ಯೂಟರೊಂದನ್ನು ತರಿಸಿ, ಅದೇ ಕ್ರಾನ್ ಕಾವಲುಗಾರನನ್ನು ಕೂರಿಸಿದೆ. ಬೆಳಕು ಹರಿಯುವ ಹೊತ್ತಿಗೆ ಮೋಟಾರು ತಾನೇ ಚಾಲೂ ಆಗುತ್ತದೆ. ಬರಿದಾದ ಟಾಕಿ ತುಂಬಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಡೆದು ತಾನೇ ಬಂದ್ ಆಗುತ್ತದೆ. ಟಾಕಿಯಲ್ಲಿ ಮೊದಲೇ ನೀರಿದ್ದು ಬೇಗ ತುಂಬಿದರೆ, ಹೆಚ್ಚಾದ ನೀರು ಹೊರಬೀಳುವ ಕೊಳವೆ ಹಿತ್ತಲಲ್ಲಿ ತೊಟ್ಟಿಕ್ಕುವ ಸಪ್ಪಳ ಕೇಳಿಸುತ್ತದೆ. ಆಗ ಗೌರಮ್ಮ ಅಡುಗೆಮನೆಯ ಗೋಡೆಗೆ ನಾನು ಕೂರಿಸಿದ ಗುಂಡಿಯನ್ನು ಒತ್ತಬೇಕು. ಗುಂಡಿ ಒತ್ತಿದರೆ ನಿಲ್ಲು ಎಂದು ಮೆಲ್ಲಗೆ ತಿವಿಯುವ ಸಿಗ್ನಲ್ ಹೋಗುತ್ತದೆ. ಹೋಯಿತು ಎಂಬುದಕ್ಕೆ ಗುರುತಾಗಿ "ಕುಂಯ್" ಎಂದು ಒಂದು ಸದ್ದು ಬರುತ್ತದೆ. ಆ ಕುಂಯ್ ಕೂರಿಸಿದ ದಿನ ನಾನು ಓಣಿಯಲ್ಲಿ ಸ್ವಲ್ಪ ಎದೆ ಮುಂದೆ ಮಾಡಿಯೇ ಓಡಾಡಿದೆ.

ಪಕ್ಕದ ಮನೆಯ ಶರಣಮ್ಮ ಬಂದು ನೋಡಿ, "ಅಲ್ರೀ ಮಲ್ಲಣ್ಣ, ಟಾಕಿಯಾಗ ತೇಲೋ ಚೆಂಡು ಹಾಕಿದ್ರ ತಾನ ಬಂದ್ ಆಕ್ಕೈತಲ್ರೀ. ನಮ್ಮ ಬೀಗರ ಮನ್ಯಾಗ ಅದ ಐತಿ" ಎಂದಳು.

"ಚೆಂಡು ಹಳೇ ಕಾಲದ್ದು ಶರಣಮ್ಮ. ಇದು ಸಿಗ್ನಲ್ ಮ್ಯಾಲ ನಡೀತೈತಿ" ಎಂದೆ.

"ಹಂಗೇನ್ರೀ. ಸಿಗ್ನಲ್ ಇಲ್ದಾಗ ಫೋನೂ ಹತ್ತಂಗಿಲ್ಲ ನೋಡ್ರಿ ನಮ್ಮ ಓಣ್ಯಾಗ" ಎಂದು ಆಕೆ ಹೋದಳು. ಅವಳ ಅಜ್ಞಾನಕ್ಕೆ ಮರುಕಪಟ್ಟೆ.

ನನ್ನ ದಿನಚರಿಯನ್ನೂ ಇಲ್ಲಿ ಹೇಳಬೇಕು. ಬೆಳಕು ಹರಿಯುವ ಮುಂಚೆ ಎದ್ದು ನಾನು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋಗುತ್ತೇನೆ. ಅಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಹಾ, ಪಾಮನಕಲ್ಲೂರಿನ ಮೊದಲ ಬಸ್ಸಿನಲ್ಲಿ ಬಂದಿಳಿದವರ ಸುದ್ದಿ. ಅತ್ತ ಮನೆಯಲ್ಲಿ ಗೌರಮ್ಮ ಕಸ ಹೊಡೆದು, ರಂಗೋಲಿ ಹಾಕಿ, ಕೊಳವೆಯ ಸಪ್ಪಳಕ್ಕೆ ಗುಂಡಿ ಒತ್ತಿ, ಕುಂಯ್ ಎಂದದ್ದನ್ನು ಕೇಳಿಕೊಂಡು, ಬಾಗಿಲೆಳೆದು ಗುಡಿಗೆ ಹೋಗುತ್ತಾಳೆ. ಅಂದರೆ ನನ್ನ ಯಂತ್ರ ಕೆಲಸ ಮಾಡುವ ಹೊತ್ತಿನಲ್ಲಿ ಅದನ್ನು ಮಾಡಿದವನು ಮಿರ್ಚಿ ತಿನ್ನುತ್ತಿರುತ್ತಾನೆ. ಇದನ್ನು ಗಮನದಲ್ಲಿಡಿ. ನಾನು ಇಡಲಿಲ್ಲ.

ಒಂದು ದಿನ ಚಹಾ ಮುಗಿಸಿ ಬರುವಾಗ ಓಣಿಯ ತಿರುವಿನಲ್ಲೇ ಶರಣಮ್ಮನ ದನಿ ಕೇಳಿಸಿತು. ನಮ್ಮ ಟಾಕಿ ತುಂಬಿದರೆ ನೀರು ಹೊರಬೀಳುವ ಆ ಕೊಳವೆಯ ಬಾಯಿ ಅವಳ ಹಿತ್ತಲ ಕಡೆಗೇ ಇದೆ. ಅಲ್ಲಿ ಅವಳು ಗೋಡೆಗುಂಟ ಕುಳ್ಳು ಒಟ್ಟಿದ್ದಳು. "ಬರ್ರಿ ಮಲ್ಲಣ್ಣ, ಬಂದು ನೋಡ್ರಿ! ಒಣಗಿದ ಕುಳ್ಳೆಲ್ಲ ಮತ್ತ ಸೆಗಣಿ ಆಗ್ಯಾವು! ತಿರುಗಿ ಎಮ್ಮಿ ಒಳಗ ಹಾಕ್ಲೇನು?"

ನಾನು ಮನೆಗೆ ಬಂದು, ಗುಡಿಯಿಂದ ಆಗತಾನೆ ಬಂದ ಗೌರಮ್ಮನನ್ನು ಕೇಳಿದೆ. "ಗುಂಡಿ ಒತ್ತಲಿಲ್ಲೇನು?"

"ಒತ್ತೀನ್ರೀ. ಕುಂಯ್ ಅಂತು."

"ಒತ್ತಿದ್ರ ನಿಲ್ಲಬೇಕಿತ್ತಲ್ಲ."

"ಅದನ್ನ ಅದಕ್ಕ ಕೇಳ್ರಿ."

ಕೇಳಿದೆ. ಅವಳೆದುರಿಗೇ ಕೀಲಿಮಣೆ ಮುಂದಿಟ್ಟುಕೊಂಡು ಕೂತು, ಮೋಟಾರಿನ ಕೆಲಸವನ್ನು ನನ್ನ ಕೈಯಿಂದಲೇ ಚಾಲೂ ಮಾಡಿದೆ. ಕೀಲಿಮಣೆಯಿಂದಲೇ ನಿಲ್ಲು ಎಂಬ ಸಿಗ್ನಲ್ ಕೊಟ್ಟೆ. ಮೋಟಾರು ತಕ್ಷಣ ನಿಂತಿತು. ಮತ್ತೊಮ್ಮೆ ಮಾಡಿದೆ, ಮತ್ತೆ ನಿಂತಿತು. "ನೋಡಿದ್ಯಾ? ನಿನ್ನ ಗುಂಡಿ ಕಳಿಸೋದೂ ಇದನ್ನ. ಯಂತ್ರಕ್ಕ ಸುಳ್ಳು ಹೇಳಾಕ ಬರಂಗಿಲ್ಲ" ಎಂದು ತೀರ್ಪು ಕೊಟ್ಟೆ. ನಮ್ಮೂರಿನಲ್ಲಿ ಕಲ್ಲಿನ ಮೇಲೆ ಕೆತ್ತಿದ ಶಾಸನ ಇವತ್ತಿಗೂ ಅಳಿಸಿಲ್ಲ. ನಾನು ಬರೆದ ಹತ್ತಾರು ಸಾಲುಗಳ ಬಗ್ಗೆಯೂ ನನಗೆ ಅಂಥದೇ ನಂಬಿಕೆಯಿತ್ತು. ಗೌರಮ್ಮ ಗುಂಡಿಯ ಕಡೆ ನೋಡಿದಳು, ತನ್ನ ಬೆರಳಿನ ಕಡೆ ನೋಡಿದಳು, "ಮತ್ತ ಮರೆತೆನೋ ಏನೋ" ಎಂದು ಒಳಗೆ ಹೋದಳು.

ಇದು ದಿನಾ ಆಗಿದ್ದರೆ ನಾನು ಅಂದೇ ಸಿಕ್ಕಿಬೀಳುತ್ತಿದ್ದೆ. ಹಿಂದಿನ ದಿನ ಬಟ್ಟೆ ಒಗೆದು ನೀರು ಖರ್ಚಾಗಿದ್ದರೆ ಟಾಕಿ ತುಂಬುವ ಹೊತ್ತಿಗೆ ಮೋಟಾರಿನ ಸಮಯವೂ ಮುಗಿದಿರುತ್ತಿತ್ತು. ಗುಂಡಿ ಒತ್ತಿದರೂ ಒಂದೇ, ಬಿಟ್ಟರೂ ಒಂದೇ. ಒಗೆಯದ ದಿನದ ಮಾರನೆಯ ಬೆಳಿಗ್ಗೆ ಮಾತ್ರ ಟಾಕಿ ಬೇಗ ತುಂಬಿ ಹರಿಯುತ್ತಿತ್ತು. ಹೀಗಾಗಿ ಅದು ಮನುಷ್ಯರ ಮರೆವಿನ ಹಾಗೆಯೇ, ಒಮ್ಮೆ ಬಂದು ಒಮ್ಮೆ ಬಾರದೆ ಆಟವಾಡುತ್ತಿತ್ತು. ಪ್ರತಿ ಸಲವೂ ಶರಣಮ್ಮ ಕೂಗುವಳು, ನಾನು ಕೀಲಿಮಣೆ ಹಿಡಿದು ಕೂರುವೆ, ಯಂತ್ರ ನನ್ನೆದುರಿಗೆ ವಿಧೇಯವಾಗಿ ನಿಲ್ಲುವುದು, ತಪ್ಪು ಗೌರಮ್ಮನ ಮೇಲೆ ಬೀಳುವುದು.

ಗೌರಮ್ಮನ ತಾಯಿಗೆ ಕೊನೆಗಾಲದಲ್ಲಿ ಮರೆವು ಬಂದಿತ್ತು. ಉಪ್ಪು ಹಾಕಿದ್ದನ್ನು ಮರೆಯುವುದರಿಂದ ಶುರುವಾಗಿ ಹೆತ್ತ ಮಗಳನ್ನು "ನೀ ಯಾರವ್ವಾ" ಎಂದು ಕೇಳುವವರೆಗೆ ಅದು ಹೋಗಿತ್ತು. ಈ ಸಂಗತಿ ನನಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ತೀರ್ಪು ಕೊಡುತ್ತಿದ್ದೆ. ಅವಳು ಮೊದಲು ಸೆರಗಿನ ತುದಿಗೆ ಗಂಟು ಹಾಕಲು ಶುರು ಮಾಡಿದಳು, ಗುಂಡಿ ಒತ್ತಿದ್ದಕ್ಕೆ ಒಂದು, ಗ್ಯಾಸ್ ಬಂದ್ ಮಾಡಿದ್ದಕ್ಕೆ ಒಂದು. ಬರಬರುತ್ತಾ ಸೆರಗೇ ಗಂಟಿನ ಗೊಂಚಲಾಯಿತು. ಗುಡಿಗೆಂದು ಹೊರಟವಳು ಅರ್ಧ ದಾರಿಯಿಂದ ತಿರುಗಿ ಬಂದು ಒಲೆ ಮುಟ್ಟಿ ನೋಡುತ್ತಿದ್ದಳು. ಸಾರಿನ ರುಚಿ ನೋಡಿ, "ಉಪ್ಪು ಹಾಕೀನಿ ಅಲ್ರೀ?" ಎಂದು ನನ್ನನ್ನು ಕೇಳುತ್ತಿದ್ದಳು. ಬಾಯಲ್ಲಿ ಉಪ್ಪು ಇದ್ದಾಗಲೇ ಕೇಳುತ್ತಿದ್ದಳು.

ಕೀಲಿಯ ಸಂಗತಿ ನಡೆದದ್ದು ಆಮೇಲೆ. ನಮ್ಮ ಓಣಿಯಲ್ಲಿ ಯಾರು ಊರಿಗೆ ಹೋದರೂ ಮನೆಯ ಕೀಲಿಯನ್ನು ಗೌರಮ್ಮನ ಹತ್ತಿರ ಕೊಟ್ಟು ಹೋಗುತ್ತಾರೆ, ಬಂದ ಮೇಲೂ ಒಂದು ಕೀಲಿಯನ್ನು ಅಲ್ಲೇ ಬಿಟ್ಟಿರುತ್ತಾರೆ. ದೇವರ ಕೋಣೆಯ ಮೊಳೆಗಳಿಗೆ ಅವು ಸಾಲಾಗಿ ತೂಗುತ್ತಿದ್ದವು. ಯಾವ ಕೀಲಿ ಯಾರದು ಎಂದು ಕತ್ತಲಲ್ಲಿ ಮುಟ್ಟಿ ಹೇಳುತ್ತಿದ್ದಳು. ಯಾರ ಮನೆಯ ತುಳಸಿಗೆ ನೀರು ಹಾಕಬೇಕು, ಯಾರ ಬೆಕ್ಕಿಗೆ ಹಾಲಿಡಬೇಕು, ಎಲ್ಲ ಅವಳ ತಲೆಯಲ್ಲಿತ್ತು. ಒಂದು ದಿನ ನಾನು ಬರುವ ಹೊತ್ತಿಗೆ ಮೊಳೆಗಳೆಲ್ಲ ಬೋಳಾಗಿದ್ದವು. ಮನೆಮನೆಗೆ ಹೋಗಿ ತಾನೇ ಕೊಟ್ಟು ಬಂದಿದ್ದಳು.

"ಯಾಕ?" ಎಂದೆ.

"ನಂದ ನನಗ ನೆನಪಿರವಲ್ದು. ಮಂದೀದು ಎಲ್ಲಿ ಇಟ್ಕೊಳ್ಳಿ" ಎಂದಳು.

ಆ ಬೋಳು ಮೊಳೆಗಳನ್ನು ನೋಡಿದವನೇ ಸಿಂಧನೂರಿನಲ್ಲಿರುವ ಮಗಳು ಸುಮಂಗಲೆಗೆ ಫೋನು ಮಾಡಿದೆ. ಅವಳು ನನ್ನನ್ನು ಬೈದು, ಅವ್ವನನ್ನು ಕರೆದುಕೊಂಡು ಬನ್ನಿ ಎಂದಳು. ಸಿಂಧನೂರಿನ ಡಾಕ್ಟರು ಗೌರಮ್ಮನನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಇವತ್ತು ಯಾವ ವಾರ, ಯಾವ ತಿಥಿ, ನೂರರಿಂದ ಏಳೇಳು ಕಳೆಯುತ್ತ ಹೋಗಿ. ಅವಳು ಪಟಪಟನೆ ಕಳೆಯುತ್ತ ಹೋದಳು. ನಾನೂ ಮನಸ್ಸಿನಲ್ಲಿ ಕಳೆಯುತ್ತಿದ್ದವನು ಎರಡನೆಯ ಏಳಿಗೇ ದಾರಿ ತಪ್ಪಿದೆ. "ಮುಂಜಾನೆ ಏನು ತಿಂದ್ರಿ?" ಎಂದು ಕೇಳಿದಾಗ ಅವಳ ಪರವಾಗಿ ನಾನು "ಉಪ್ಪಿಟ್ಟು" ಎಂದೆ.

"ಉಪ್ಪಿಟ್ಟು ನಿನ್ನೀದ್ರೀ. ಇವತ್ತು ಅವಲಕ್ಕಿ. ನೀವ ಎರಡು ಸಲ ಹಾಕಿಸ್ಕೊಂಡೀರಿ" ಎಂದಳು ಗೌರಮ್ಮ.

ಡಾಕ್ಟರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ನಂತರ, "ಅಮ್ಮಾರಿಗೆ ಏನೂ ಆಗಿಲ್ಲ. ಬಹಳ ಚಿಂತಿ ಮಾಡ್ತಾರ. ಶಕ್ತಿ ಗುಳಿಗಿ ಬರೀತೀನಿ, ತಗೊಳ್ಳಿ" ಎಂದರು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಹೊರಗೆ ಕಾಲುವೆಯ ನೀರು, ಭತ್ತದ ಹಸಿರು. ಗೌರಮ್ಮ ಅದನ್ನು ನೋಡುತ್ತಲೇ ಮೆಲ್ಲಗೆ ಅಂದಳು: "ಡಾಕ್ಟರಿಗೆ ಗೊತ್ತಾಗ್ಲಿಲ್ಲ. ನಮ್ಮವ್ವನೂ ಮೊದಮೊದ್ಲು ಲೆಕ್ಕ ಬರೋಬ್ಬರಿ ಹೇಳ್ತಿದ್ಲು."

ಡಾಕ್ಟರು ಸರಿ, ಗೌರಮ್ಮನ ನೆನಪು ಸರಿ ಎಂದಾದರೆ ತಪ್ಪಿರಲು ಇನ್ನುಳಿದಿರುವುದು ಒಂದೇ ಜಾಗ. ಅಲ್ಲಿಗೆ ನೋಡಲು ನನಗೆ ಧೈರ್ಯವಿರಲಿಲ್ಲ. ಮನೆಗೆ ಬಂದು ಲಿಂಗಸುಗೂರಿನ ಖಾಜಾಸಾಬನಿಗೆ ಫೋನು ಹಚ್ಚಿ, ಯಾರದೋ ಮನೆಯ ಸುದ್ದಿ ಎಂಬಂತೆ ಹೇಳಿದೆ.

"ಅರೆ ಮಲ್ಲಣ್ಣ, ಯಾರದ್ದೋ ಯಾಕಂತಿ, ನಿಂದ ಅನ್ನು" ಎಂದು ನಕ್ಕ ಖಾಜಾ. "ಅದು ತಾನ ಎದ್ದು ನಡೆಯೋವಾಗ ನೀ ಯಾವಾಗರ ಬಾಜೂಕ ನಿಂತು ಗುಂಡಿ ಒತ್ತಿಯೇನು?"

"ಕೈಯಿಂದ ಚಾಲೂ ಮಾಡಿ ನೋಡೀನಲ್ಲೋ."

"ಕೈಯಿಂದ ಮಾಡಿದ್ರ ಎಲ್ಲಾನೂ ಛಲೋ ನಡೀತೈತಿ ಯಾರ್. ಸಾಹೇಬ ಎದುರಿಗೆ ನಿಂತಾಗ ಯಾವ ನೌಕರ ಕೆಲಸ ಮಾಡಂಗಿಲ್ಲ? ಬಸ್ ಸ್ಟ್ಯಾಂಡಿನ ಚಾ ಒಂದಿನ ಬಿಡು."

ಮಾರನೆಯ ಬೆಳಿಗ್ಗೆ ಚಹಾ ಬಿಟ್ಟೆ. ಹಿಂದಿನ ದಿನ ಬಟ್ಟೆ ಒಗೆದಿರಲಿಲ್ಲ. ನನಗೆ ಮೊಣಕಾಲು ನೋವೆಂದು ಗೌರಮ್ಮನಿಗೆ ಸುಳ್ಳು ಹೇಳಿ, ನಾನೇ ಗುಂಡಿ ಒತ್ತುವೆನೆಂದು ಅವಳನ್ನು ಗುಡಿಗೆ ಕಳಿಸಿದೆ. ಕಾವಲುಗಾರ ಹೊತ್ತಿಗೆ ಸರಿಯಾಗಿ ಕೆಲಸವನ್ನು ಎಬ್ಬಿಸಿದ. ಮೋಟಾರು ಸಂಪಿನ ತಳದಲ್ಲಿ ಮುಳುಗಿರುವುದರಿಂದ ಸದ್ದು ಕೇಳಿಸುವುದಿಲ್ಲ, ಆದರೆ ಅಂಗಳದಲ್ಲಿ ಟಾಕಿಗೆ ನೀರೇರುವ ಕೊಳವೆಯ ಮೇಲೆ ಕೈಯಿಟ್ಟರೆ ಜುಮ್ಮೆನ್ನುತ್ತದೆ. ಹಿತ್ತಲಲ್ಲಿ ನೀರು ತೊಟ್ಟಿಕ್ಕತೊಡಗಿತು. ಗುಂಡಿ ಒತ್ತಿದೆ. ಕುಂಯ್. ಓಡಿ ಹೋಗಿ ಕೊಳವೆ ಮುಟ್ಟಿದೆ. ಜುಮ್ಮೆನ್ನುತ್ತಲೇ ಇತ್ತು. ಮತ್ತೆ ಓಡಿ ಬಂದು ಒತ್ತಿದೆ. ಕುಂಯ್. ಜುಮ್. ಲುಂಗಿ ಎತ್ತಿ ಕಟ್ಟಿಕೊಂಡು ಅಡುಗೆಮನೆಗೂ ಅಂಗಳಕ್ಕೂ ಅದೆಷ್ಟು ಸಲ ಓಡಿದೆನೋ, ಕುಂಯ್ ಕುಂಯ್ ಎನ್ನುವುದು ನಿಲ್ಲಲಿಲ್ಲ, ಜುಮ್ಮೆನ್ನುವುದೂ ನಿಲ್ಲಲಿಲ್ಲ. ಗೋಡೆಯಾಚೆಯಿಂದ "ಮಲ್ಲಣ್ಣಾ, ಕುಳ್ಳೂ!" ಎಂಬ ಕೂಗು ಬಂತು. ಅಡುಗೆಮನೆಯ ಹೊಸ್ತಿಲ ಮೇಲೆ ಕುಕ್ಕರಿಸಿದೆ. ಗೌರಮ್ಮ ಒಂದು ದಿನವೂ ಮರೆತಿರಲಿಲ್ಲ.

ಕಾರಣ ಹುಡುಕಲು ನನಗೆ ಹಲವು ದಿನ ಬೇಕಾದವು. ಹೈಸ್ಕೂಲಿನ ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಕೈಪಿಡಿ ಓದಿದೆ. ಅಲ್ಲಿ ಒಂದು ಮೂಲೆಯಲ್ಲಿ ನಿಯಮವಿತ್ತು. ಕೀಲಿಮಣೆಯ ಮುಂದೆ ಯಾರೂ ಇಲ್ಲದಾಗ, ನೀನು ಹಿಂದೆ ಹೋಗಿ ನಿನ್ನಷ್ಟಕ್ಕೆ ಮಾಡಿಕೊಂಡಿರು ಎಂದು ಒಂದು ಕೆಲಸವನ್ನು ಕಳಿಸಿದರೆ, ಆ ಮೆಲ್ಲಗೆ ತಿವಿಯುವ ಸಿಗ್ನಲ್ಲಿಗೆ ಅದರ ಕಿವಿ ಹುಟ್ಟುವಾಗಲೇ ಮುಚ್ಚಿರುತ್ತದೆ. ಮುಂದೆ ಕೂತವರನ್ನು ಏಳು ಎಂದರೆ ಹಿಂದೆ ದುಡಿಯುವವರೂ ಎದ್ದು ಹೋಗಬಾರದಲ್ಲ, ಅದಕ್ಕೆ ಹಿರಿಯರು ಮಾಡಿದ ವ್ಯವಸ್ಥೆ. ಹೀಗೆ ಹುಟ್ಟುಕಿವುಡಾದದ್ದಕ್ಕೆ, ಈ ಸಿಗ್ನಲ್ ಬಂದರೆ ಮೋಟಾರು ಬಂದ್ ಮಾಡು ಎಂದು ನಾವು ಎಷ್ಟು ಬರೆದಿಟ್ಟರೂ ಪ್ರಯೋಜನವಿಲ್ಲ. ಆಗುವುದಿಲ್ಲ ಎಂದು ಅದು ದೂರುವುದೂ ಇಲ್ಲ. ನಾನು ಕ್ರಾನ್‌ಗೆ ಕೊಟ್ಟ ಸಾಲಿನ ಕೊನೆಗೆ, ಹಿಂದೆ ಹೋಗು ಎಂಬ ಒಂದು ಸಣ್ಣ ಗುರುತು ಹಾಕಿದ್ದೆ. ಲಿಂಗಸುಗೂರಿನ ಅಭ್ಯಾಸ. ನನ್ನ ಕೈಯಿಂದ ಚಾಲೂ ಮಾಡುವಾಗ ಆ ಗುರುತು ಇರುತ್ತಿರಲಿಲ್ಲ. ಅದಕ್ಕೇ ನನ್ನೆದುರಿಗೆ ಅದಕ್ಕೆ ಕಿವಿ ಇರುತ್ತಿತ್ತು, ಗೌರಮ್ಮನೆದುರಿಗೆ ಇರುತ್ತಿರಲಿಲ್ಲ. ಕುಂಯ್ ಎಂಬುದು ಸಿಗ್ನಲ್ ಹೋಯಿತು ಎಂದು ಹೇಳುತ್ತಿತ್ತೇ ಹೊರತು ಕೆಲಸ ಆಯಿತು ಎಂದಲ್ಲ. ಅದು ನನ್ನದೇ ಹ್ಞಾಂ.

ತಿವಿಯುವ ಸಿಗ್ನಲ್ ಬಿಟ್ಟು, ದಯವಿಟ್ಟು ಮುಗಿಸಿಕೋ ಎನ್ನುವ ಸಿಗ್ನಲ್ಲಿಗೆ ಬದಲಾಯಿಸಿದೆ. ಅದಕ್ಕೆ ಯಾವ ಕಿವಿಯೂ ಹುಟ್ಟುವಾಗ ಮುಚ್ಚಿರುವುದಿಲ್ಲ. ಕೇಳಿಸಿಕೊಂಡರೆ ಎರಡು ಸಲ ಕುಂಯ್ ಅನ್ನು ಎಂದೂ ಬರೆದೆ. ಮತ್ತೆ ಚಹಾ ಬಿಟ್ಟು ನಿಂತೆ. ಒತ್ತಿದೆ, ಒಂದು ಕುಂಯ್ ಬಂತು. ಕಾದೆ. ನೀರು ಹರಿದೇ ಹರಿಯಿತು. ಮೋಟಾರಿನ ಪೂರ್ತಿ ಸಮಯ ಮುಗಿದ ಮೇಲೆ, ಎಲ್ಲ ತೊಯ್ದು ತೊಪ್ಪೆಯಾದ ಮೇಲೆ, ಸಾವಕಾಶವಾಗಿ "ಕುಂಯ್ ಕುಂಯ್" ಎಂದಿತು. ಅಂದರೆ ಕಿವಿ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಮೋಟಾರು ಹಚ್ಚಿ, ಇಷ್ಟು ಹೊತ್ತು ಮಲಗಿ, ಎದ್ದು ಬಂದ್ ಮಾಡು ಎಂದು ನಾನು ಬರೆದಿದ್ದೆ. ಹಾಗೆ ಮಲಗಿಸಿದರೆ, ನಡುವೆ ಯಾರು ಕೂಗಿದರೂ ಅದು ಕೂಗನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು, ಮಲಗುವುದನ್ನು ಪೂರೈಸಿ, ಆಮೇಲೆ ತೆಗೆದು ನೋಡುತ್ತದಂತೆ. ಕೀಲಿಮಣೆಯಿಂದ ಕೊಟ್ಟ ತಿವಿತ ಮಾತ್ರ ಆ ನಿದ್ದೆಯನ್ನೂ ಸೇರಿಸಿ ಎಬ್ಬಿಸುತ್ತಿತ್ತು. ನಿದ್ದೆಯನ್ನು ಬೇರೆಯವರಿಗೆ ಒಪ್ಪಿಸಿ ತಾನು ಬಾಗಿಲಲ್ಲಿ ಕಾಯುತ್ತ ಕೂತರೆ ಮಾತ್ರ ಕೂಗಿದ ಕೂಡಲೇ ಏಳುತ್ತದೆ. ಹಾಗೆಯೇ ತಿದ್ದಿದೆ. ಮೂರನೆಯ ಸಲ ಗುಂಡಿ ಒತ್ತಿದ ಕೈ ತೆಗೆಯುವುದರೊಳಗೆ ಎರಡು ಕುಂಯ್ ಬಂದವು. ಕೊಳವೆ ತಣ್ಣಗೆ ಸುಮ್ಮನಿತ್ತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಗೌರಮ್ಮನನ್ನು ಕರೆದು, ನಿನ್ನದೇನೂ ತಪ್ಪಿರಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆಯೊಳಗೆ ಇನ್ನೊಂದು ಅನಾಹುತವಾಯಿತು. ಟಾಕಿ ಹರಿಯುವುದು ನಿಂತದ್ದನ್ನು ಕಂಡ ಗೌರಮ್ಮ ಗುಳಿಗೆಯ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡಳು. "ಸಿಂಧನೂರು ಡಾಕ್ಟರ ಕೈಗುಣ ನೋಡ್ರಿ. ಒಂದಿನಾನೂ ಮರತಿಲ್ಲ!" ಇನ್ನು ಹೇಗೆ ಹೇಳುವುದು? ಸುದ್ದಿ ಓಣಿಯಲ್ಲಿ ಹರಡಿತು. ಶರಣಮ್ಮನೂ ಕನ್ನಡಕ ಎಲ್ಲಿಟ್ಟೆನೆಂಬುದನ್ನು ಮರೆಯುತ್ತೇನೆಂದು ಅದೇ ಗುಳಿಗೆ ತರಿಸಿ ನುಂಗತೊಡಗಿದಳು. ನಾನು ತಿದ್ದಿದ ಎರಡು ಸಾಲುಗಳ ಪುಣ್ಯವನ್ನು ಊರೆಲ್ಲ ಗುಳಿಗೆಗೆ ಕೊಡುತ್ತಿದ್ದರೆ, ನಾನು ಬಾಯಿ ಬಿಡಲಾಗದೆ ಪತ್ರಿಕೆಯ ಹಿಂದೆ ಅಡಗಿಕೊಳ್ಳುತ್ತಿದ್ದೆ. ಸೆರಗಿನ ಗಂಟುಗಳು ಕಡಿಮೆಯಾದವು, ಆದರೆ ದೇವರ ಕೋಣೆಯ ಮೊಳೆಗಳು ಬೋಳಾಗಿಯೇ ಇದ್ದವು.

ಒಂದು ಮಧ್ಯಾಹ್ನ ಶರಣಮ್ಮ ಚೀಲ ಹಿಡಿದು ಬಂದಳು. "ಗೌರಕ್ಕ, ಮಗಳ ಬಾಣಂತನಕ್ಕ ತುರ್ವಿಹಾಳಕ್ಕ ಹೊಂಟೀನಿ. ತಗೋ, ಕೀಲಿ ಇಟಗೋ. ಎಮ್ಮಿ ಮೈದುನನ ಮನಿಗೆ ಹೊಡೆದೀನಿ. ಬೆಕ್ಕಿಗಿಷ್ಟು ಹಾಲು ಹಾಕು."

"ಬ್ಯಾಡ ತಂಗಿ" ಎಂದಳು ಗೌರಮ್ಮ. "ಗುಳಿಗಿ ಇರೋತನಕ ಬರೋಬ್ಬರಿ ಇರ್ತೀನಿ. ಡಬ್ಬಿ ಮುಗಿಯಾಕ ಬಂದೈತಿ. ಆಮ್ಯಾಲ ನನ್ನ ತಲಿ ನಂಬಾಕ ಆಗಂಗಿಲ್ಲ. ಬೆಕ್ಕು ಉಪವಾಸ ಸತ್ತೀತು."

ಶರಣಮ್ಮ ಕೀಲಿಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಅಲ್ಲೇ ಓದುತ್ತ ಕೂತಿದ್ದ ನಾನು ಪತ್ರಿಕೆ ಮಡಿಚಿಟ್ಟೆ.

"ಗೌರಾ, ನೀ ಗುಂಡಿ ಒತ್ತೋದು ಒಂದಿನಾನೂ ಮರೆತಿದ್ದಿಲ್ಲ. ಗುಳಿಗಿ ತಗೊಳ್ಳೋಕಿಂತ ಮೊದ್ಲೂ ಮರೆತಿದ್ದಿಲ್ಲ. ಯಂತ್ರ ಕೇಳ್ತಿದ್ದಿಲ್ಲ. ನಾ ತಪ್ಪು ಬರೆದಿದ್ದೆ."

ಮೊದಲು ಬಾಯಿ ತೆರೆದವಳು ಶರಣಮ್ಮ. "ಅಂದ್ರ ನಾ ಸುಮ್ನ ಗುಳಿಗಿ ನುಂಗೀನೇನು?"

ಗೌರಮ್ಮ ನನ್ನನ್ನೇ ನೋಡುತ್ತಿದ್ದಳು. "ನಿಮಗ ಯಾವಾಗ ತಿಳೀತು?"

"ಸ್ವಲ್ಪ ದಿನ ಆತು."

"ಸ್ವಲ್ಪ ದಿನ ಅಂದ್ರ? ಟಾಕಿ ಹರಿಯೋದು ನಿಂತ ದಿನಾನ?"

ತಲೆಯಾಡಿಸಿದೆ.

"ಮೋಟಾರಿನ ಕಿವಿ ಸರಿ ಮಾಡಿ ನೀವು ಬಾಯಿ ಮುಚ್ಚಿಕೊಂಡ್ರಿ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ದನಿ ಏರಿಸಲಿಲ್ಲ. "ನಮ್ಮವ್ವಗ ಕೊನೀಗೆ ನನ್ನ ಗುರುತೂ ಇದ್ದಿಲ್ಲ. ಅದಕ್ಕ ನಾ ದಿನಾ ಎದ್ದ ಕೂಡ್ಲೇ ಮೊದ್ಲು ಮನಸಿನ್ಯಾಗ ನಿಮ್ಮ ಹೆಸರು ಹೇಳಿಕೊಂಡು ನೋಡ್ತಿದ್ದೆ. ಬಾಯಿಲೆ ಹೇಳೋ ಹಂಗಿಲ್ಲ. ಇವತ್ತೂ ನೆನಪೈತಲ್ಲಪ್ಪಾ ದೇವರೇ ಅಂತಂದು ಆಮ್ಯಾಲ ಹಾಸಿಗಿ ಬಿಡ್ತಿದ್ದೆ."

ನಮ್ಮ ಕಡೆ ಅವಳ ವಯಸ್ಸಿನ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಮದುವೆಯ ದಿನ ಒಗಟಿನಲ್ಲಿ ಒಮ್ಮೆ ಹೇಳಿದ್ದು, ಅಷ್ಟೇ. ಉಳಿದ ಆಯುಷ್ಯವೆಲ್ಲ ಹೇಳದೆ ಇಟ್ಟುಕೊಂಡ ಆ ಹೆಸರನ್ನು ಅವಳು ದಿನಾ ಬೆಳಿಗ್ಗೆ, ಇದೆಯೋ ಕಳೆದಿದೆಯೋ ಎಂದು ತಡಕಿ ನೋಡಿಕೊಳ್ಳುತ್ತಿದ್ದಳು. ಆ ಹೆಸರಿನವನು ಆ ಹೊತ್ತಿನಲ್ಲಿ ಬಸ್ ಸ್ಟ್ಯಾಂಡಿನ ಎದುರು ಮಿರ್ಚಿಗೆ ಇನ್ನಷ್ಟು ಚಟ್ನಿ ಹಾಕಿಸಿಕೊಳ್ಳುತ್ತಿದ್ದ.

ಗೌರಮ್ಮ ಎದ್ದು ಶರಣಮ್ಮನ ಕೈಯಿಂದ ಕೀಲಿ ತೆಗೆದುಕೊಂಡಳು. ದೇವರ ಕೋಣೆಗೆ ಹೋಗಿ ಅದರದೇ ಮೊಳೆಗೆ ಹಾಕಿದಳು. "ಬೆಕ್ಕಿಗೆ ಹಾಲು ಸಂಜೀಕ ಅಲ್ಲೇನು? ಮುಂಜಾನೆ ಹಾಕಿದ್ರ ಅದು ಕುಡಿಯಂಗಿಲ್ಲ, ಗೊತ್ತೈತಿ" ಎಂದಳು. ಆ ವಾರ ಮುಗಿಯುವುದರೊಳಗೆ ಮೊಳೆಗಳೆಲ್ಲ ಮತ್ತೆ ತುಂಬಿದವು.

ನನಗೆ ಕ್ಷಮೆ ಸಿಕ್ಕಿತೇ ಎಂದು ನೀವು ಕೇಳಬಹುದು. ಈಗ ಯಂತ್ರ ಸರಿಯಿದೆ, ಒತ್ತಿದರೆ ನಿಲ್ಲುತ್ತದೆ ಎಂದು ನಾನು ತೋರಿಸಲು ಹೋದೆ. "ಅದು ಕೇಳ್ತೈತೋ ಇಲ್ಲೋ, ನನಗ ಬ್ಯಾಡ. ನೀವು ಕೇಳ್ರಿ" ಎಂದಳು. ಅಂಗೈಯಗಲದ ಕಂಪ್ಯೂಟರು ಬಟ್ಟೆ ಸುತ್ತಿಸಿಕೊಂಡು ಕಪಾಟು ಸೇರಿತು. ಅಂಗಳದ ಗೋಡೆಗೆ ಹಳೆಯ ಸ್ವಿಚ್ಚು ಮರಳಿ ಬಂತು. ಬೆಳಕು ಹರಿಯುವ ಹೊತ್ತಿಗೆ ಮೋಟಾರು ಹಚ್ಚುವುದೂ ಬಂದ್ ಮಾಡುವುದೂ ಈಗ ನನ್ನ ಪಾಲಿನ ಕೆಲಸ. ಕೊಳವೆ ತೊಟ್ಟಿಕ್ಕಿದರೆ ಹಿತ್ತಲಿನಿಂದ ಗೌರಮ್ಮ ಒಮ್ಮೆ ಕೂಗುತ್ತಾಳೆ, ಒಂದೇ ಕೂಗಿಗೆ ನಾನು ಏಳಬೇಕು. ತೇಲುವ ಚೆಂಡು ಹಾಕಿಸೋಣವೇ ಎಂದು ನಾನೇ ಸೋತು ಕೇಳಿದೆ. "ಚೆಂಡು ಹಾಕಿದ್ರ ನೀವು ಮತ್ತ ಚಾದಂಗಡಿಗೆ ಹೋಗ್ತೀರಿ. ಬ್ಯಾಡ" ಎಂದಳು. ಬಾಣಂತನ ಮುಗಿಸಿ ಬಂದ ಶರಣಮ್ಮ ಈ ಏರ್ಪಾಡನ್ನು ನೋಡಿ ಬಹಳ ಸಂತೋಷಪಟ್ಟಿದ್ದಾಳೆ. ಗೋಡೆಗುಂಟ ಹೊಸ ಕುಳ್ಳು ಒಟ್ಟಿದ್ದಾಳೆ.

ಮೋಟಾರು ನಡೆಯುವಷ್ಟು ಹೊತ್ತು ಅಂಗಳದಲ್ಲಿ ಸುಮ್ಮನೆ ಕೂರುವ ಬದಲು ದಿನಾ ಸ್ವಲ್ಪ ಸ್ವಲ್ಪವಾಗಿ ಇದನ್ನು ಬರೆಯುತ್ತ ಬಂದಿದ್ದೇನೆ. ಇವತ್ತು ಮುಗಿಯುವ ಹಾಗೆ ಕಾಣುತ್ತದೆ. ಮನುಷ್ಯ ಯಾವ ವಯಸ್ಸಿನಲ್ಲೂ ತಿದ್ದಿಕೊಳ್ಳಬಹುದು, ಒಂದು ಕೂಗಿಗೆ ಏಳುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ಕೊನೆಯಲ್ಲಿ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದಿದ್ದೆ. ಅವನ್ನು ಸರಿಯಾಗಿ ಕೂರಿಸುವುದರಲ್ಲಿದ್ದಾಗ ಹಿತ್ತಲಿನಿಂದ "ರೀ, ಟಾಕಿ ತುಂಬೈತ್ರೀ" ಎಂಬ ದನಿ ಬಂತು. ನಾನು ತಕ್ಷಣ "ಹ್ಞಾಂ" ಎಂದಿದ್ದೇನೆ. ಈ ಒಂದು ವಾಕ್ಯ ಮುಗಿಸಿ ಎದ್ದರಾಯಿತು ಎಂದುಕೊಳ್ಳುವಷ್ಟರಲ್ಲಿ ಗೋಡೆಯಾಚೆಯಿಂದ ಶರಣಮ್ಮ ನನ್ನ ಹೆಸರು ಹಿಡಿದು ಕೂಗತೊಡಗಿದ್ದಾಳೆ.